ಹಳೆಯ ವಿಮಾನ ಕಂಪನಿಗಳ ಷೇರು ಪತ್ರ: ರದ್ದಿಗೆ ಹಾಕುವ ಮುನ್ನ, ಮಾರುವ ಮುನ್ನ

ಅಜ್ಜನ ಕಾಲದ ಟ್ರಂಕಿನಲ್ಲಿ ಹೊಲದ ಕಾಗದ, ಸೊಸೈಟಿ ಪಾವತಿಗಳ ನಡುವೆ ಒಮ್ಮೊಮ್ಮೆ ಷೇರು ಪತ್ರವೂ ಸಿಗುತ್ತದೆ. ಹಳೆಯ ಷೇರು, ಬಾಂಡ್ ಪತ್ರ ಕೂಡಿಡುವ ಹವ್ಯಾಸಕ್ಕೆ ಸ್ಕ್ರಿಪೊಫಿಲಿ ಎನ್ನುತ್ತಾರೆ. ಅದರಲ್ಲಿ ವಿಮಾನ ಕಂಪನಿಗಳ ಪತ್ರಗಳನ್ನೇ ಹುಡುಕುವವರಿದ್ದಾರೆ. ಚಂದಗಡ, ಗಡಹಿಂಗ್ಲಜ, ಇಚಲಕರಂಜಿ, ಕೊಲ್ಲಾಪುರದ ಸದಸ್ಯರಿಗೆ ಉಪಯೋಗವಾಗಲೆಂದು ಈ ಮಾಹಿತಿ ಕೊಡುತ್ತಿದ್ದೇವೆ.

ಮೊದಲು ಇಸವಿ ನೋಡಿ. 1937ರ ಏರ್ ಸರ್ವಿಸಸ್ ಆಫ್ ಇಂಡಿಯಾ, ಹೈದರಾಬಾದ್ ಸಂಸ್ಥಾನ ಮತ್ತು ಟಾಟಾದವರು ಸೇರಿ 1945ರಲ್ಲಿ ಕಟ್ಟಿದ ಡೆಕ್ಕನ್ ಏರ್‌ವೇಸ್ (ಆಗ ಕಲಬುರಗಿ, ರಾಯಚೂರು, ಬೀದರ್ ಅದೇ ಸಂಸ್ಥಾನದಲ್ಲಿದ್ದವು), 1946ರಲ್ಲಿ ಟಾಟಾ ಏರ್‌ಲೈನ್ಸ್ ಸಾರ್ವಜನಿಕ ಕಂಪನಿಯಾಗಿ ಪಡೆದ ಏರ್ ಇಂಡಿಯಾ ಎಂಬ ಹೆಸರು, ಜೊತೆಗೆ ಭಾರತ್ ಏರ್‌ವೇಸ್, ಹಿಮಾಲಯನ್ ಏವಿಯೇಷನ್: ಇವೆಲ್ಲವೂ 1953ರ ಆಗಸ್ಟ್ 1ರಂದು ರಾಷ್ಟ್ರೀಕರಣಗೊಂಡು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಸೇರಿದವು. ಪರಿಹಾರ ಆಗಲೇ ಕಂಪನಿಗಳಿಗೆ ಸಂದಿದೆ. ಆದ್ದರಿಂದ ಇಂಥ ಪತ್ರಕ್ಕೆ ಇರುವುದು ಸಂಗ್ರಹದ ಬೆಲೆ ಮಾತ್ರ. ಕಂಪನಿಯ ಉಬ್ಬು ಮುದ್ರೆ, ನಿರ್ದೇಶಕರ ಸಹಿ, ಕ್ರಮಸಂಖ್ಯೆ ಸರಿಯಾಗಿದ್ದರೆ ಬೆಲೆ ಹೆಚ್ಚು.

1990ರ ದಶಕದ ಪತ್ರಗಳ ಮಾತು ಬೇರೆ. ಮೋದಿಲುಫ್ಟ್ ಕಂಪನಿ 2000ದಲ್ಲಿ ರಾಯಲ್ ಏರ್‌ವೇಸ್ ಆಯಿತು, 2005ರಲ್ಲಿ ಸ್ಪೈಸ್‌ಜೆಟ್ ಆಯಿತು. ವಿಮಾನ ನಿಂತರೂ ಕಂಪನಿ ಸತ್ತಿರಲಿಲ್ಲ! ಅಂಥ ಪತ್ರವನ್ನು ಹಳೆಯ ಕಾಗದವೆಂದು ಕೊಟ್ಟುಬಿಟ್ಟರೆ ಜೀವಂತ ಷೇರನ್ನೇ ಕಳೆದುಕೊಂಡಂತೆ. ಕಂಪನಿಯ ರಿಜಿಸ್ಟ್ರಾರರಿಗೆ ಫೋಲಿಯೊ ಸಂಖ್ಯೆ ಬರೆದು ವಿಚಾರಿಸಿ. 2019ರ ಏಪ್ರಿಲ್ 1ರಿಂದ ಕಾಗದದ ಷೇರನ್ನು ಮಾರಿ ಬೇರೆಯವರ ಹೆಸರಿಗೆ ಮಾಡಲು ಬರುವುದಿಲ್ಲ, ಡಿಮ್ಯಾಟ್ ಆಗಲೇಬೇಕು. ತೀರಿಕೊಂಡವರ ಷೇರು ವಾರಸುದಾರರ ಹೆಸರಿಗೆ ಬರುವ ದಾರಿ ಮಾತ್ರ ತೆರೆದಿದೆ.

ವಿಳಾಸದ ವಿಷಯ ನಮ್ಮ ಭಾಗದವರಿಗೇ ವಿಶೇಷ. ಪತ್ರದ ಮೇಲೆ 'ಚಂದಗಡ, ಬೆಳಗಾವಿ ಜಿಲ್ಲೆ' ಎಂದಿದ್ದರೆ ಅದು ತಪ್ಪಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಚಂದಗಡ ಬೆಳಗಾವಿ ಜಿಲ್ಲೆಯಲ್ಲೇ ಇತ್ತು. ಕೆಲವರು ಈ ಸಾಲನ್ನು ತಿದ್ದಲು ಹೋಗುತ್ತಾರೆ. ದಯವಿಟ್ಟು ಪೆನ್ನು ಮುಟ್ಟಿಸಬೇಡಿ. ಪತ್ರ ಎಷ್ಟು ಹಳೆಯದೆಂಬುದಕ್ಕೆ ಅದೇ ಒಂದು ಗುರುತು.

ಚಂದಗಡದ ಮಳೆಗಾಲದಲ್ಲಿ ಕಾಗದ ಬೇಗ ಬೂಸ್ಟು ಹಿಡಿಯುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ, ಟೇಪು ಅಂಟಿಸಬೇಡಿ; ಎರಡೂ ಪತ್ರವನ್ನು ಕೆಡಿಸುತ್ತವೆ. ಆಮ್ಲರಹಿತ ಕಾಗದದ ನಡುವೆ ಮಡಚದೆ ಇಟ್ಟು, ನೆಲದಿಂದ ಮೇಲೆ, ಗೋಡೆಗೆ ತಾಗದಂತೆ ಇಡಿ. ಬೇವಿನ ಎಲೆ ಹಾಕುವುದಾದರೆ ಬೇರೆ ಬಟ್ಟೆಯಲ್ಲಿ ಕಟ್ಟಿ ಹಾಕಿ, ಎಲೆಯ ಕಲೆ ಹೋಗುವುದಿಲ್ಲ. ಪತ್ರದ ಫೋಟೊವನ್ನು ವಾಟ್ಸಾಪ್ ಗುಂಪಿಗೆ ಹಾಕುವ ಮುನ್ನ ಹೆಸರು, ಸಹಿ, ಫೋಲಿಯೊ ಸಂಖ್ಯೆ ಮುಚ್ಚಿ.