ಬೆಂಗಳೂರಿನ ಕೆರೆಗಳ ಬಫರ್ ವಲಯ

ಬೆಂಗಳೂರಿನ ಕೆರೆಗಳ ಅಂಚಿನಿಂದಲೂ ಅವುಗಳನ್ನು ಒಂದಕ್ಕೊಂದು ಜೋಡಿಸುವ ರಾಜಕಾಲುವೆಗಳ ಇಕ್ಕೆಲಗಳಲ್ಲಿಯೂ ಕಟ್ಟಡ ನಿರ್ಮಾಣಕ್ಕೆ ಅವಕಾಶವಿಲ್ಲದಂತೆ ಕಾಯ್ದಿರಿಸಿದ ಭೂಪಟ್ಟಿಯನ್ನು ಬಫರ್ ವಲಯ ಎಂದು ಕರೆಯಲಾಗುತ್ತದೆ. ಇದರ ಅಗಲವೆಷ್ಟು, ಅದನ್ನು ಎಲ್ಲಿಂದ ಅಳೆಯಬೇಕು, ನಿಗದಿಪಡಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗಳು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿವೆ.

== ಹಿನ್ನೆಲೆ ==

ಬೆಂಗಳೂರಿಗೆ ದೊಡ್ಡ ನದಿಯ ಆಸರೆಯಿಲ್ಲ. ಎತ್ತರದ ದಿಣ್ಣೆಯ ಮೇಲಿರುವ ಈ ಊರಿನ ಮಳೆನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಮುಂತಾದ ಕಣಿವೆಗಳ ಮೂಲಕ ಇಳಿದು ಹೋಗುತ್ತದೆ. ಹಿಂದಿನವರು ಈ ಇಳಿಜಾರಿನುದ್ದಕ್ಕೂ ಏರಿ ಕಟ್ಟಿ, ತೂಬು ಇಟ್ಟು, ಕೋಡಿ ಬಿಟ್ಟು ಕೆರೆಗಳ ಸರಪಳಿಯನ್ನು ನಿರ್ಮಿಸಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಯನ್ನು ಸೇರುತ್ತಿತ್ತು. ಕಾಲುವೆಯ ಒಂದು ಕಡೆ ಅಡ್ಡಿಯಾದರೆ ಮೇಲಿನ ಬಡಾವಣೆ ಮುಳುಗುತ್ತದೆ, ಕೆಳಗಿನ ಕೆರೆ ಒಣಗುತ್ತದೆ. ಆದ್ದರಿಂದ ಕೆರೆಯನ್ನು ಮಾತ್ರ ಉಳಿಸಿ ಕಾಲುವೆಯನ್ನು ಕೈಬಿಡುವುದರಲ್ಲಿ ಅರ್ಥವಿಲ್ಲ.

ನಗರ ಬೆಳೆದಂತೆ ಹಲವು ಕೆರೆಗಳು ಕಣ್ಮರೆಯಾದವು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಇವೆರಡೂ ಸಾರ್ವಜನಿಕ ಕಾಮಗಾರಿಗಳೆಂಬುದು ಗಮನಾರ್ಹ. ಒತ್ತುವರಿಯೆಂದರೆ ಖಾಸಗಿಯವರದ್ದೇ ಎಂಬ ಭಾವನೆ ಪೂರ್ಣ ಸತ್ಯವಲ್ಲ.

== 2007ರ ನಿಯಮ ==

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅಡಿಯಲ್ಲಿ 2007ರಲ್ಲಿ ಜಾರಿಗೆ ಬಂದ 'ಪರಿಷ್ಕೃತ ಮಹಾಯೋಜನೆ–2015' ಕೆರೆಗಳ ಸುತ್ತ 30 ಮೀಟರ್ ಬಫರ್ ವಲಯವನ್ನು ನಿಗದಿಪಡಿಸಿತು. ಕೆರೆಯ ಗಡಿಯನ್ನು ಕಂದಾಯ ದಾಖಲೆಗಳ ಪ್ರಕಾರ ಗುರುತಿಸಬೇಕು. ಹೀಗಾಗಿ ಸರ್ವೆ ನಕ್ಷೆಯೇ ನಿರ್ಣಾಯಕ. ಬೇಸಿಗೆಯಲ್ಲಿ ನೀರು ಎಲ್ಲಿಯವರೆಗೆ ಇದೆ ಎಂಬುದಲ್ಲ.

ರಾಜಕಾಲುವೆಗಳನ್ನು ಪ್ರಾಥಮಿಕ, ದ್ವಿತೀಯ ಮತ್ತು ತೃತೀಯ ಹಂತಗಳೆಂದು ವಿಂಗಡಿಸಿ, ಕ್ರಮವಾಗಿ 50, 25 ಮತ್ತು 15 ಮೀಟರ್ ಅಂತರವನ್ನು ವಿಧಿಸಲಾಯಿತು. ಈ ಅಂತರವನ್ನು ಕಾಲುವೆಯ ಮಧ್ಯಭಾಗದಿಂದ ಅಳೆಯಲಾಗುತ್ತದೆ. ಉದಾಹರಣೆಗೆ, ಪ್ರಾಥಮಿಕ ಕಾಲುವೆಯೊಂದು 20 ಮೀಟರ್ ಅಗಲವಿದ್ದರೆ ಅದರ ದಡದಿಂದ ದೊರೆಯುವ ರಕ್ಷಣೆ 40 ಮೀಟರ್ ಮಾತ್ರ. ವಲಯದೊಳಗೆ ಎಲ್ಲವೂ ನಿಷಿದ್ಧವೆಂದೇನೂ ಅಲ್ಲ. ನೀರಿನ ಹರಿವಿಗೆ ತಡೆಯಾಗದಂತೆ ರಸ್ತೆ, ಸೇತುವೆ, ಕೊಳಚೆ ನೀರು ಶುದ್ಧೀಕರಣ ಘಟಕಗಳಿಗೆ ಅವಕಾಶವಿದೆ.

== ಹಸಿರು ನ್ಯಾಯಮಂಡಳಿಯ ಆದೇಶ ==

ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಜೌಗು ಪ್ರದೇಶದಲ್ಲಿ ಕೈಗೊಂಡ ಬೃಹತ್ ಕಟ್ಟಡ ಯೋಜನೆಗಳ ವಿರುದ್ಧ 'ಫಾರ್ವರ್ಡ್ ಫೌಂಡೇಶನ್' ಮೊದಲಾದವರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆ ಹೋದರು. 2016ರ ಮೇ 4ರಂದು ನ್ಯಾಯಮಂಡಳಿಯು ಕೆರೆಗಳಿಗೆ 75 ಮೀಟರ್, ಮೂರು ಹಂತದ ಕಾಲುವೆಗಳಿಗೆ ಕ್ರಮವಾಗಿ 50, 35 ಮತ್ತು 25 ಮೀಟರ್ ಅಂತರವನ್ನು ವಿಧಿಸಿತು. ಪ್ರಾಥಮಿಕ ಕಾಲುವೆಯ ಅಂಕಿ ಮೊದಲಿನಂತೆಯೇ ಕಂಡರೂ ಅಳತೆಯನ್ನು ಮಧ್ಯಭಾಗದ ಬದಲು ಅಂಚಿನಿಂದ ಆರಂಭಿಸಬೇಕೆಂದದ್ದರಿಂದ ಅಲ್ಲಿಯೂ ರಕ್ಷಣೆ ಹೆಚ್ಚಿತು. ಆದೇಶವು ಆ ಯೋಜನೆಗಳಿಗಷ್ಟೇ ಅಲ್ಲದೆ ಇಡೀ ನಗರಕ್ಕೆ ಅನ್ವಯವಾದುದರಿಂದ ನಿವೇಶನದಾರರಲ್ಲಿಯೂ ನಿರ್ಮಾಣ ಉದ್ಯಮದಲ್ಲಿಯೂ ಆತಂಕ ಮೂಡಿತು.

== ಸರ್ವೋಚ್ಚ ನ್ಯಾಯಾಲಯದ ತೀರ್ಪು ==

2019ರ ಮಾರ್ಚ್ 5ರಂದು ಸರ್ವೋಚ್ಚ ನ್ಯಾಯಾಲಯವು ಬಫರ್ ವಲಯವನ್ನು ಹಿಗ್ಗಿಸಿದ ಈ ಸಾಮಾನ್ಯ ನಿರ್ದೇಶನವನ್ನು ರದ್ದುಪಡಿಸಿತು. ಮಹಾಯೋಜನೆಯು ಶಾಸನಬದ್ಧವಾಗಿ ರೂಪುಗೊಂಡುದರಿಂದ ಅದನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂಬುದು ತೀರ್ಪಿನ ತಿರುಳು. 75 ಮೀಟರ್ ವೈಜ್ಞಾನಿಕವಾಗಿ ಸರಿಯೇ ತಪ್ಪೇ ಎಂಬುದನ್ನು ಇದು ನಿರ್ಣಯಿಸಲಿಲ್ಲ. ಪತ್ರಿಕಾ ವರದಿಗಳನ್ನು ಓದುವಾಗ ಈ ವ್ಯತ್ಯಾಸ ಮರೆಯಾಗುವುದುಂಟು. ಪರಿಣಾಮವಾಗಿ 2007ರ ಅಂತರಗಳೇ ಮತ್ತೆ ಊರ್ಜಿತಗೊಂಡವು.

== ಇತರ ಕಾನೂನುಗಳು ==

ಕೇಂದ್ರದ ಜೌಗುಭೂಮಿ (ಸಂರಕ್ಷಣೆ ಮತ್ತು ನಿರ್ವಹಣೆ) ನಿಯಮಗಳು, 2017 ಕಳೆದ 10 ವರ್ಷಗಳ ಸರಾಸರಿ ಗರಿಷ್ಠ ಪ್ರವಾಹ ಮಟ್ಟದಿಂದ 50 ಮೀಟರ್ ಒಳಗೆ ಶಾಶ್ವತ ನಿರ್ಮಾಣವನ್ನು ನಿಷೇಧಿಸುತ್ತವೆ. ಆದರೆ ನೀರಾವರಿ ಅಥವಾ ಕುಡಿಯುವ ನೀರಿಗಾಗಿ ಮನುಷ್ಯರು ನಿರ್ಮಿಸಿದ ಜಲಾಶಯಗಳನ್ನು ಈ ನಿಯಮಗಳ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ಬೆಂಗಳೂರಿನ ಕೆರೆಗಳು ಬಹುಪಾಲು ಅಂಥವೇ ಆದುದರಿಂದ ಸ್ಥಳೀಯ ನಿಯಮದ ಮಹತ್ವ ಹೆಚ್ಚು.

ಕೆರೆಗಳ ರಕ್ಷಣೆಗೆಂದೇ ರಾಜ್ಯವು 2014ರಲ್ಲಿ ಪ್ರತ್ಯೇಕ ಕಾಯ್ದೆಯನ್ನು ರೂಪಿಸಿತು. 2025ರಲ್ಲಿ ವಿಧಾನಮಂಡಲದ ಮುಂದೆ ಬಂದ ಇದರ ತಿದ್ದುಪಡಿ ಮಸೂದೆಯು, ಎಲ್ಲ ಕೆರೆಗಳಿಗೂ ಏಕರೂಪದ 30 ಮೀಟರ್ ಬದಲು ವಿಸ್ತೀರ್ಣಕ್ಕೆ ತಕ್ಕ ಅಂತರವನ್ನು ಸೂಚಿಸಿತು: 100 ಎಕರೆ ಮೀರಿದ ಕೆರೆಗಳಿಗೆ 30 ಮೀಟರ್, ಸಣ್ಣ ಕೆರೆಗಳಿಗೆ ಇಳಿಯುತ್ತ 3 ಮೀಟರ್‌ವರೆಗೆ. ಸಣ್ಣ ಕೆರೆಗಳೇ ಮೊದಲು ಮುಚ್ಚಿಹೋಗುತ್ತವೆ ಎಂಬುದು ಪರಿಸರವಾದಿಗಳ ಆಕ್ಷೇಪವಾಗಿತ್ತು.