ತಗಡಿನ ಡಬ್ಬಿಯ ಎರಡನೇ ತೂತು

ಎಣ್ಣೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಬಾವಿಯಿಂದ ಶುರುಮಾಡಿ ಬಂದರಿನಲ್ಲಿ ಮುಗಿಸುತ್ತಾರೆ. ಬಂದರಿನಿಂದ ಬಡವರ ಮನೆಯ ಬುಡ್ಡಿದೀಪದವರೆಗಿನ ದಾರಿ ಅವರ ಲೆಕ್ಕಕ್ಕೆ ಬರುವುದಿಲ್ಲ. ಆ ದಾರಿಯ ಕೊನೆಯ ಒಂದು ಮೊಳ, ಅಂದರೆ ದೊಡ್ಡ ಡಬ್ಬಿಯ ಬಾಯಿಂದ ಸಣ್ಣ ಬಾಟಲಿಯ ಬಾಯಿಯವರೆಗಿನ ದೂರ, ನನಗೆ ಬಹಳ ದಿನಗಳಿಂದ ಕುತೂಹಲದ ವಿಷಯ. ಎಣ್ಣೆ ಚೆಲ್ಲುವುದು ಅಲ್ಲೇ. ಚೆಲ್ಲಿದ್ದರ ನಷ್ಟ ಯಾರ ತಲೆಗೆ ಎಂಬ ಪ್ರಶ್ನೆ ಏಳುವುದೂ ಅಲ್ಲೇ.

ನಮ್ಮ ಕುಂದಾಪುರದ ಕಡೆ ಅದು ಚಿಮಣಿ ಎಣ್ಣೆ. ಮೈಸೂರು ಕಡೆಯವರಿಗೆ ಸೀಮೆಎಣ್ಣೆ, ಅಂದರೆ ಪರಸೀಮೆಯಿಂದ ಬಂದದ್ದು. ಮುಂಬೈಯಲ್ಲಿ ರಾಕೇಲ್, ಘಾಸಲೇಟ್. ಚೆನ್ನೈಯಲ್ಲಿ ಮಣ್ಣೆಣ್ಣೈ, ದಿಲ್ಲಿಯಲ್ಲಿ ಮಿಟ್ಟೀ ಕಾ ತೇಲ್. ಹೆಸರು ಇಷ್ಟಿದ್ದರೂ ಅದು ಬರುತ್ತಿದ್ದ ಚೌಕ ತಗಡಿನ ಡಬ್ಬಿ ಎಲ್ಲ ಊರಲ್ಲೂ ಒಂದೇ. ಹಿಂದಿಯವರು ಅದನ್ನು ಕನಸ್ತರ್ ಎಂದರು. ಇಂಗ್ಲಿಷಿನ ಕ್ಯಾನಿಸ್ಟರ್ ಬಾಯಿಂದ ಬಾಯಿಗೆ ಸವೆದು ಹಾಗಾಯಿತು.

ಡಬ್ಬಿ ಬರುವ ಮೊದಲು ನಮ್ಮಲ್ಲಿ ಎಣ್ಣೆ ಇರಲಿಲ್ಲವೇ? ಇತ್ತು, ಆದರೆ ಸುರಿಯುವ ಈ ತೊಂದರೆ ಇಷ್ಟಿರಲಿಲ್ಲ. ಅಗಲ ಬಾಯಿಯ ಪಾತ್ರೆಯಿಂದ ಎಣ್ಣೆಯನ್ನು ಅಳತೆಯ ಸೌಟಿನಿಂದ ಅದ್ದಿ ತೆಗೆದರೆ ಪಾತ್ರೆಯನ್ನು ಬಗ್ಗಿಸುವ ಕೆಲಸವೇ ಇಲ್ಲ. ಮನೆಯೊಳಗಿನ ಗಿಂಡಿಗೆ ಕೊಕ್ಕು ಇರುತ್ತಿತ್ತು, ಮೇಲಿನ ಬಾಯಿ ತೆರೆದೇ ಇರುತ್ತಿತ್ತು. ನೀರು ಹೊರುತ್ತಿದ್ದ ಭಿಸ್ತಿಯ ತೊಗಲಚೀಲವಂತೂ ನೀರು ಹೊರಬಂದಷ್ಟೂ ತಾನೇ ಕುಗ್ಗುತ್ತಿತ್ತು. ತಗಡು ಹಾಗೆ ಕುಗ್ಗುವುದಿಲ್ಲ. ಎಲ್ಲ ಗೋಳಿನ ಮೂಲ ಇದು.

1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ಬಾವಿ ಕೊರೆಸಿ ಕಲ್ಲೆಣ್ಣೆ ತೆಗೆದ. ಕೆಲವೇ ದಶಕಗಳಲ್ಲಿ ಅಲ್ಲಿನ ದೀಪದೆಣ್ಣೆ ಏಷ್ಯಾದ ಬಂದರುಗಳಿಗೆ ಹಡಗೇರಿ ಬಂತು. 5 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಹಿಡಿಯುವ ಡಬ್ಬಿ. ಅಂಥ ಎರಡು ಡಬ್ಬಿಗೆ ಒಂದು ಮರದ ಪೆಟ್ಟಿಗೆ. ಚೌಕಾಕಾರ ಯಾಕೆಂದರೆ ಹಡಗಿನ ಹೊಟ್ಟೆಯಲ್ಲಿ ಒಂದಂಗುಲ ಜಾಗವೂ ದಂಡವಾಗಬಾರದು. ಬಾಯಿ ಚಿಕ್ಕದು ಯಾಕೆಂದರೆ ದಾರಿಯಲ್ಲಿ ಸೋರಬಾರದು. ಡಬ್ಬಿ ಮಾಡಿದವರು ಹಡಗನ್ನು ನೆನೆದು ಮಾಡಿದರು, ಸುರಿಯುವವರ ಕೈಯನ್ನು ನೆನೆಯಲಿಲ್ಲ.

1892ರಲ್ಲಿ ಲಂಡನ್ನಿನ ವ್ಯಾಪಾರಿ ಮಾರ್ಕಸ್ ಸ್ಯಾಮ್ಯುಯೆಲ್ ಈ ಡಬ್ಬಿಯ ಖರ್ಚನ್ನೇ ಉಳಿಸಲು ಹೊರಟ. ಅವನ ಮ್ಯೂರೆಕ್ಸ್ ಎಂಬ ಹಡಗು ಹೊಟ್ಟೆತುಂಬ ಬಿಡಿ ಎಣ್ಣೆ ತುಂಬಿಕೊಂಡು ಸೂಯೆಜ್ ಕಾಲುವೆ ದಾಟಿ ಪೂರ್ವಕ್ಕೆ ಬಂತು. ಮುಂದೆ ಶೆಲ್ ಕಂಪನಿ ಆದದ್ದು ಇವನ ವ್ಯಾಪಾರವೇ. ಜನ ತಮ್ಮ ತಮ್ಮ ಪಾತ್ರೆ ತಂದು ಎಣ್ಣೆ ಒಯ್ಯುತ್ತಾರೆ ಎಂದು ಅವನ ಎಣಿಕೆ. ಆದರೆ ಜನರಿಗೆ ಎಣ್ಣೆಯಷ್ಟೇ ಡಬ್ಬಿಯೂ ಬೇಕಾಗಿತ್ತು. ಬಿಡಿಸಿದರೆ ಛಾವಣಿಯ ತಗಡು, ಮೇಲ್ಭಾಗ ಕತ್ತರಿಸಿ ಮರದ ಅಡ್ಡಪಟ್ಟಿ ಹೊಡೆದರೆ ನೀರು ಸೇದುವ ಬಾಲ್ದಿ. ಕೊನೆಗೆ ಸ್ಯಾಮ್ಯುಯೆಲ್ ತಗಡು ತರಿಸಿ, ಏಷ್ಯಾದಲ್ಲೇ ಡಬ್ಬಿ ಮಾಡಿಸಿ, ಕೆಂಪು ಬಣ್ಣ ಬಳಿಸಿ ಮಾರಬೇಕಾಯಿತು. ಡಬ್ಬಿಯನ್ನು ಉಳಿಸಿಕೊಂಡವರು ಗಿರಾಕಿಗಳು. ಆದ್ದರಿಂದ ಅದರಿಂದ ಸುರಿಯುವ ವಿದ್ಯೆಯನ್ನೂ ಅವರೇ ಕಲಿಯಬೇಕಾಯಿತು.

ಆ ವಿದ್ಯೆ ನಾನು ಬೆಳೆದ ಪರೇಲಿನ ಚಾಳಿನಲ್ಲಿ ದಿನನಿತ್ಯ ಕಾಣುತ್ತಿತ್ತು. ಕೈಗಾಡಿಯಲ್ಲಿ ರಾಕೇಲ್ ತರುತ್ತಿದ್ದ ಚಾಚಾ ಹೊಸ ಡಬ್ಬಿ ಒಡೆದರೆ ಮೊದಲು ಒಂದು ಮೂಲೆಗೆ ದೊಡ್ಡ ತೂತು ಹೊಡೆಯುತ್ತಿದ್ದರು. ಆಮೇಲೆ ಅದರ ಎದುರು ಮೂಲೆಗೆ ಮೊಳೆಯಿಂದ ಇನ್ನೊಂದು ಸಣ್ಣ ತೂತು. ಒಂದೇ ತೂತಿದ್ದರೆ ಎಣ್ಣೆ ಹೊರಗೆ ಬರುವ ದಾರಿಯಲ್ಲೇ ಗಾಳಿಯೂ ಒಳಗೆ ಹೋಗಬೇಕು. ಎರಡೂ ಬಾಗಿಲಲ್ಲಿ ಗುದ್ದಾಡುತ್ತವೆ. ಎಣ್ಣೆ ಗುಳುಗುಳು ಎಂದು ತಡೆತಡೆದು ಉಗುಳುತ್ತದೆ, ಪ್ರತಿ ಉಗುಳಿಗೂ ಒಂದಿಷ್ಟು ನೆಲದ ಪಾಲು. ಎರಡನೇ ತೂತು ಗಾಳಿಗೆ ಬೇರೆ ಬಾಗಿಲು. ಧಾರೆ ದಾರದ ಹಾಗೆ ಇಳಿಯುತ್ತದೆ.

ಬಾಯಿ ಒಂದು ಬದಿಗಿರುವ ಡಬ್ಬಿಗೆ ಇನ್ನೊಂದು ಉಪಾಯ. ನಮ್ಮ ಕೈ ಸಹಜವಾಗಿ ಬಾಯಿಯನ್ನು ಬಾಟಲಿಯ ಹತ್ತಿರ, ಕೆಳಗೆ ಬರುವಂತೆ ಹಿಡಿಯುತ್ತದೆ. ಚಾಚಾ ಬಾಯಿ ಮೇಲಂಚಿಗೆ ಬರುವಂತೆ ತಿರುಗಿಸಿ ಹಿಡಿಯುತ್ತಿದ್ದರು. ಆಗ ಬಾಯಿ ಪೂರ್ತಿ ಮುಳುಗುವುದಿಲ್ಲ, ಎಣ್ಣೆಯ ಮೇಲಿಂದ ಗಾಳಿ ನುಸುಳುತ್ತದೆ. ನೋಡಲು ತಲೆಕೆಳಗೆನಿಸಿದರೂ ತುಂಬಿದ ಡಬ್ಬಿಯನ್ನು ಹಿಡಿಯಬೇಕಾದ ರೀತಿ ಅದೇ. ಇನ್ನು ಧಾರೆ ತೀರ ನಿಧಾನವಾದರೆ ಅದು ಅಂಚಿಗೆ ಅಂಟಿಕೊಂಡು ಡಬ್ಬಿಯ ಮೈಮೇಲೆ ಹರಿಯುತ್ತದೆ. ಅದಕ್ಕೇ ಅನುಮಾನವಿಲ್ಲದೆ ಬಗ್ಗಿಸಬೇಕು, ನಿಲ್ಲಿಸುವಾಗ ಥಟ್ಟನೆ ಎತ್ತಬೇಕು. ಇದನ್ನೆಲ್ಲ ಚಾಚಾ ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಸರದಿಯಲ್ಲಿ ನಿಂತ ನಮ್ಮ ಅಮ್ಮಂದಿರು ಲಾಳಿಕೆಯ ತುದಿಯ ಕೊನೆಯ ಹನಿ ಬೀಳುವವರೆಗೆ ಬಾಟಲಿ ತೆಗೆಯುತ್ತಿರಲಿಲ್ಲ. ಎರಡು ಹನಿ ನೆಲಕ್ಕೆ ಬಿದ್ದರೆ, "ಚಾಚಾ, ಅದು ನಮ್ಮ ಲೆಕ್ಕವೋ ನಿಮ್ಮ ಲೆಕ್ಕವೋ?" ಎಂಬ ಪ್ರಶ್ನೆ ಸಿದ್ಧ.

ಕೆಲವರು ರಬ್ಬರ್ ನಳಿಗೆ ಬಾಯಿಟ್ಟು ಎಳೆಯುತ್ತಿದ್ದರು. ಹನಿ ಚೆಲ್ಲುತ್ತಿರಲಿಲ್ಲ ನಿಜ. ಆದರೆ ಒಂದು ಗುಟುಕು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ.

ಇದೇ ಡಬ್ಬಿ ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದ ಮರಳುಗಾಡಿಗೂ ಹೋಯಿತು. ನಮ್ಮ 4ನೇ ಇಂಡಿಯನ್ ಡಿವಿಜನ್ ಕೂಡ ಕಾದಾಡಿದ ರಣರಂಗ ಅದು. ಬ್ರಿಟಿಷ್ ಸೇನೆ ಪೆಟ್ರೋಲನ್ನು 4 ಗ್ಯಾಲನ್ನಿನ, ಬೆಸುಗೆ ಹಾಕಿದ ತೆಳು ತಗಡಿನ ಡಬ್ಬಿಗಳಲ್ಲಿ ಸಾಗಿಸುತ್ತಿತ್ತು. ಸೈನಿಕರು ಅದನ್ನು ಫ್ಲಿಮ್ಸಿ ಎಂದು ಕರೆದರು, ಜಾಳುಜಾಳು ಎಂಬರ್ಥದಲ್ಲಿ. ಲಾರಿಯ ಕುಲುಕಾಟಕ್ಕೆ ಬೆಸುಗೆ ಬಿಡುತ್ತಿತ್ತು, ತೆರೆಯಲು ಚುಚ್ಚಬೇಕಿತ್ತು, ಸುರಿಯಲು ಲಾಳಿಕೆ ಬೇಕಿತ್ತು. ಮೂಲನೆಲೆಯಿಂದ ವಾಹನದ ಟ್ಯಾಂಕಿಗೆ ಹೋಗುವಷ್ಟರಲ್ಲಿ ಶೇ 30ರಷ್ಟು ಇಂಧನ ನಷ್ಟವಾಗುತ್ತಿದೆ ಎಂದು ಸೇನಾಧಿಪತಿ ಆಚಿನ್‌ಲೆಕ್ ಅಂದಾಜಿಸಿದ್ದರು.

ಜರ್ಮನರ ಬಳಿ ಅದಕ್ಕೆ ಉತ್ತರ ಇತ್ತು. 1930ರ ದಶಕದಲ್ಲೇ ಅವರು ಬೆಸೆದ ಉಕ್ಕಿನ 20 ಲೀಟರ್ ಕ್ಯಾನು ಮಾಡಿಕೊಂಡಿದ್ದರು. ಮೇಲೆ ಮೂರು ಹಿಡಿ, ಸನ್ನೆಯಿಂದ ಮುಚ್ಚುವ ಮುಚ್ಚಳ, ಬಾಯಿಯ ಪಕ್ಕದಲ್ಲಿ ಗಾಳಿ ಒಳಹೋಗಲು ಒಂದು ಸಣ್ಣ ನಳಿಗೆ. ಚಾಚಾ ಮೊಳೆಯಿಂದ ಹೊಡೆಯುತ್ತಿದ್ದ ಎರಡನೇ ತೂತಿನ ಕೆಲಸವೇ ಈ ನಳಿಗೆಯದು. ಬ್ರಿಟಿಷ್ ಸೈನಿಕರು ವೈರಿಯಿಂದ ವಶಪಡಿಸಿಕೊಂಡ ಕ್ಯಾನುಗಳನ್ನು ಜೋಪಾನ ಮಾಡುತ್ತಿದ್ದರು. ಜರ್ಮನರಿಗೆ ಅವರಿಟ್ಟ ಅಡ್ಡಹೆಸರು ಜೆರ್ರಿ, ಅದರಿಂದ ಜೆರ್ರಿಕ್ಯಾನ್. ಕೊನೆಗೆ ಬ್ರಿಟಿಷರೂ ಅಮೆರಿಕನ್ನರೂ ಅದನ್ನೇ ನಕಲು ಮಾಡಿದರು. ಇಂದು ನಮ್ಮ ಮನೆಗಳಲ್ಲಿರುವ ಪ್ಲಾಸ್ಟಿಕ್ ಕ್ಯಾನಿಗೂ ಹೆಸರು ಬಂದದ್ದು ಅಲ್ಲಿಂದಲೇ.

ಸೈನ್ಯದ ಎಣ್ಣೆ ಚೆಲ್ಲಿದಾಗ ವರದಿ ಬರೆದರು, ಶೇಕಡಾ ಲೆಕ್ಕ ಹಾಕಿದರು, ಹೊಸ ಡಬ್ಬಿ ತಂದರು. ಚಾಳಿನಲ್ಲಿ, ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಚೆಲ್ಲಿದ್ದಕ್ಕೆ ವರದಿ ಇಲ್ಲ. ಪೀಪಾಯಿಗಟ್ಟಲೆ ಕೊಳ್ಳುವವರಿಗೆ ನಾಲ್ಕು ಹನಿ ದೊಡ್ಡದಲ್ಲ. ಪಾವು ಲೀಟರ್ ಕೊಳ್ಳುವವರಿಗೆ ಅದು ಮಗಳ ಓದಿನ ಹತ್ತು ನಿಮಿಷದ ಬೆಳಕು. ಸಣ್ಣ ಅಳತೆಯಲ್ಲಿ ಕೊಂಡಷ್ಟೂ ಸುರಿಯುವ ಸಲ ಹೆಚ್ಚು, ಸುರಿದಷ್ಟೂ ನಷ್ಟ ಹೆಚ್ಚು. ಬಡತನಕ್ಕೆ ಬೀಳುವ ಈ ತೆರಿಗೆಯನ್ನು ಯಾವ ಬಜೆಟ್ಟೂ ಹೇಳಲಿಲ್ಲ.

2014ರಲ್ಲಿ ದಿಲ್ಲಿ ಸೀಮೆಎಣ್ಣೆಮುಕ್ತ ನಗರವೆಂದು ಘೋಷಣೆಯಾಯಿತು. ಮುಂಬೈಯ ಚಾಳುಗಳಿಗೂ ಗ್ಯಾಸ್ ಸಿಲಿಂಡರ್ ಬಂತು. ಡಬ್ಬಿ ಮಾತ್ರ ಸತ್ತಿಲ್ಲ. ಮಾಟುಂಗಾದ ಯಾವುದೇ ಉಡುಪಿ ಹೋಟೆಲಿನ ಹಿಂಬಾಗಿಲಿಗೆ ಹೋಗಿ ನೋಡಿ, 15 ಕಿಲೋ ಅಡುಗೆ ಎಣ್ಣೆಯ ಚೌಕ ಡಬ್ಬಿಗಳು ಸಾಲಾಗಿ ಕೂತಿರುತ್ತವೆ. ಊರಿನಿಂದ ಹೊಸದಾಗಿ ಬಂದ ಹುಡುಗನಿಗೆ ಭಟ್ಟರು ದೋಸೆ ಹುಯ್ಯುವುದನ್ನು ಆಮೇಲೆ ಕಲಿಸುತ್ತಾರೆ. ಮೊದಲು ಕೈಗೆ ಮೊಳೆ ಕೊಟ್ಟು, "ಎದುರು ಮೂಲೆಗೆ ಒಂದು ತೂತು ಹೊಡಿ ಮಾರಾಯ" ಎನ್ನುತ್ತಾರೆ.