ಕೂಡಿ ಬೀಳುವುದು, ಕೂಡಿ ಹರಿಯುವುದು

‘ಕೋಇನ್ಸಿಡೆನ್ಸ್’ ಎಂಬ ಇಂಗ್ಲಿಷ್ ಪದದ ಮೂಲವೇನೆಂದು ಹಳೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಾಳೆ. ಉತ್ತರ ಎಲ್ಲರಿಗೂ ಉಪಯೋಗವಾದೀತೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ಇದು ಲ್ಯಾಟಿನ್ ಮೂಲದ ಪದ. ‘ಕೊ’ ಎಂದರೆ ಒಡನೆ, ‘ಇನ್’ ಎಂದರೆ ಮೇಲೆ, ‘ಕಾದೆರೆ’ ಎಂದರೆ ಬೀಳು. ಒಟ್ಟಿಗೆ ಬಂದು ಬೀಳುವುದು ಎಂದಾಯಿತು. 17ನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷಿಗೆ ಬಂದಾಗ ಎರಡು ಸಂಗತಿಗಳು ಪರಸ್ಪರ ಸರಿಹೊಂದುವುದು ಎಂಬುದಷ್ಟೇ ಅದರ ಅರ್ಥ. ಸಂಬಂಧವಿಲ್ಲದ ಘಟನೆಗಳು ಜೊತೆಯಾಗಿ ಒದಗುವುದು ಎಂಬ ಅರ್ಥ ಆ ಶತಮಾನದ ಕೊನೆಯ ಭಾಗದಲ್ಲಿ ಸೇರಿತು. ನಮ್ಮ ‘ಕಾಕತಾಳೀಯ’ದಲ್ಲಿಯೂ ಬೀಳುವುದೇ ಮುಖ್ಯ. ಕಾಗೆ ಕುಳಿತ ಕ್ಷಣದಲ್ಲಿಯೇ ತಾಳೆಯ ಹಣ್ಣು ಬಿದ್ದಿತು, ಆದರೆ ಕಾಗೆಯ ಭಾರಕ್ಕೆ ಬಿದ್ದದ್ದಲ್ಲ.

ಇದರ ನೆರೆಯ ಪದಗಳು ಎರಡು. ‘ಕನ್‌ಕರೆನ್ಸ್’ ಎಂದರೆ ಮೂಲದಲ್ಲಿ ಕೂಡಿ ಓಡುವುದು, ‘ಕಾನ್‌ಫ್ಲುಯೆನ್ಸ್’ ಎಂದರೆ ಕೂಡಿ ಹರಿಯುವುದು. ಕನ್ನಡದಲ್ಲಿ ಇದೇ ‘ಕೂಡಲು’. ನಂಜನಗೂಡಿನಲ್ಲಿ ಗುಂಡ್ಲು ಹೊಳೆಯನ್ನು ಸೇರಿಸಿಕೊಂಡ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಊರಿನ ಹೆಸರಿನಲ್ಲಿಯೇ ಆ ಅರ್ಥವಿದೆ.

ಈ ಎರಡು ಬಗೆಯ ಪದಗಳ ಅಂತರ ನಮ್ಮ ಸೀಮೆಯವರಿಗೆ ಬರಿಯ ನಿಘಂಟಿನ ವಿಷಯವಲ್ಲ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕಬಿನಿ, ಕೃಷ್ಣರಾಜಸಾಗರ ಎರಡೂ ಜಲಾಶಯಗಳಿಂದ ಅಪಾರ ನೀರನ್ನು ಬಿಡಬೇಕಾಯಿತು. ನಂಜನಗೂಡಿನ ಬಳಿ ಮಲ್ಲನಮೂಲೆಯಲ್ಲಿ ಹೆದ್ದಾರಿ ಮುಳುಗಿ ಸಂಚಾರ ನಿಂತಿತು. ಎರಡೂ ನದಿಗಳು ಒಮ್ಮೆಲೇ ಉಕ್ಕಿದರೆ ‘ಕಾಕತಾಳೀಯ’ ಎನ್ನುವವರುಂಟು. ಅದು ಸರಿಯಲ್ಲ. ಕಬಿನಿ ಹುಟ್ಟುವುದು ವಯನಾಡಿನಲ್ಲಿ, ಕಾವೇರಿ ಕೊಡಗಿನಲ್ಲಿ. ಒಂದೇ ಪಶ್ಚಿಮಘಟ್ಟದ ನೆರೆಹೊರೆಯ ನಾಡುಗಳಿವು. ಒಂದೇ ನೈಋತ್ಯ ಮಾರುತ ಎರಡಕ್ಕೂ ಮಳೆ ಸುರಿಸುತ್ತದೆ. ಕಬಿನಿಯ ಸಾಮರ್ಥ್ಯ 19.52 ಟಿ.ಎಂ.ಸಿ., ಕೃಷ್ಣರಾಜಸಾಗರದ್ದು 49.45. ಒಳ್ಳೆಯ ಮಳೆಗಾಲದಲ್ಲಿ ಇವು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತುಂಬುತ್ತವೆ. ಮುಂದೆ ಬರುವ ನೀರನ್ನೆಲ್ಲ ಹೊರಬಿಡದೆ ಗತ್ಯಂತರವಿಲ್ಲ. ಆ ಎರಡು ಪ್ರವಾಹಗಳೂ ಸೇರುವ ತಾಣ ನರಸೀಪುರ.

ಕಾಕತಾಳೀಯ ಎಂದೊಡನೆ ವಿಚಾರಣೆ ಮುಗಿದುಹೋಗುತ್ತದೆ, ಏಕೆಂದರೆ ಅಕಸ್ಮಾತ್ ಬಿದ್ದದ್ದಕ್ಕೆ ಯಾರೂ ಮೊದಲೇ ಸಿದ್ಧರಾಗಲಾರರು. ಕೂಡಿ ಹರಿದು ಬರುವುದಕ್ಕೆ ಮೂಲವೊಂದಿದೆ, ದಾರಿಯೊಂದಿದೆ. ನದಿಯಂಚಿನ ಮನೆಯವರು ಪಾತ್ರೆಪಗಡೆ, ದನಕರುಗಳನ್ನು ಮೇಲಕ್ಕೆ ಸಾಗಿಸಲು ಅಷ್ಟು ಸಮಯವೂ ಸಿಕ್ಕೀತು. ಇತಿಹಾಸವನ್ನು ಓದುವಾಗಲೂ ಎರಡು ಘಟನೆಗಳು ಜೊತೆಯಾಗಿ ಕಂಡರೆ ಮೊದಲು ಮೇಲ್ದಂಡೆಯತ್ತ ನೋಡಿರಿ. ಅಲ್ಲಿ ಒಂದೇ ಮೋಡ ಕಾಣದಿದ್ದರೆ ಮಾತ್ರ ಕಾಗೆಯನ್ನೂ ತಾಳೆಯನ್ನೂ ನೆನೆಯಿರಿ.